ಲಿಂಕ್ ಒತ್ತಿದರೆ ಹೊಸ ಕಿಟಕಿ ಯಾಕೆ ತೆರೆಯುತ್ತದೆ? ಮೂವತ್ತು ವರ್ಷದ ಒಂದು ಜಗಳದ ಕಥೆ

ಹೋದ ಮಳೆಗಾಲದ ಒಂದು ರಾತ್ರಿ ಹತ್ತೂವರೆ ಆಗಿತ್ತು. ಧಾರವಾಡ ತಾಲ್ಲೂಕಿನ ನಮ್ಮೂರಲ್ಲಿ ಪಕ್ಕದ ಮನೆಯ ಹುಡುಗಿ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಪಿಯುಸಿ ಮುಗಿಸಿ ಧಾರವಾಡದಲ್ಲಿ ಡಿಗ್ರಿಗೆ ಸೇರಿದ್ದಳು. ಹಾಸ್ಟೆಲ್ ಅರ್ಜಿ ಹಾಕಲು ಅವತ್ತೇ ಕಡೇ ದಿನ. ರಾತ್ರಿ ಹನ್ನೆರಡಕ್ಕೆ ಮುಗಿಯುತ್ತಿತ್ತು.

ಅವಳು ಮುಕ್ಕಾಲು ತಾಸು ಕೂತು ಎಲ್ಲವನ್ನೂ ತುಂಬಿದ್ದಳು. ಹೆಸರು, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಬ್ಯಾಂಕ್ ಖಾತೆ, ಅಂಕಗಳು. ಕೊನೆಗೆ ಒಂದು ಚೌಕ ಇತ್ತು: ನಿಯಮಗಳನ್ನು ಓದಿ ಒಪ್ಪಿದ್ದೇನೆ. ‘ನಿಯಮಗಳು’ ಅನ್ನುವ ಪದ ನೀಲಿ ಬಣ್ಣದಲ್ಲಿತ್ತು. ನಮ್ಮಲ್ಲಿ ಬಹಳ ಮಂದಿ ಅದನ್ನು ಓದದೆ ಟಿಕ್ ಹಾಕುತ್ತೇವೆ. ಈ ಹುಡುಗಿ ಓದೋಣ ಅಂತ ನೀಲಿ ಪದ ಮುಟ್ಟಿದಳು. ಅರ್ಜಿ ಇದ್ದ ಜಾಗದಲ್ಲೇ ನಿಯಮಗಳ ಪುಟ ಬಂತು. ಓದಿ ಹಿಂದಕ್ಕೆ ಬಂದಾಗ ಅರ್ಜಿ ಖಾಲಿ.

‘ಕಾಕಾ, ಎಲ್ಲಾ ಹೋತು. ಮತ್ತ ಮೊದಲಿಂದ ಕೇಳಾಕತ್ತೈತಿ’ ಅಂದಳು.

ಇಬ್ಬರೂ ಕೂತು ಮತ್ತೆ ತುಂಬಿದೆವು. ಅಷ್ಟರಲ್ಲಿ ಹನ್ನೊಂದೂವರೆ. ಓಟಿಪಿ ಬರಲಿಲ್ಲ, ಆಮೇಲೆ ಪುಟವೇ ತೆರೆಯಲಿಲ್ಲ. ಹನ್ನೆರಡು ಹೊಡೆಯಿತು. ಹೋಗುವಾಗ ಅವಳು ಕೇಳಿದ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿದುಬಿಟ್ಟಿದೆ: ‘ನಿಯಮ ಓದಿದ್ದ ತಪ್ಪಾತೇನು?’

ಅದೇ ತಿಂಗಳು ನಮ್ಮ ದೊಡ್ಡಪ್ಪ ತಮ್ಮ ಫೋನ್ ತಂದು ಕೊಟ್ಟರು. ‘ತಮ್ಮಾ, ಇದು ಎತ್ತಿನಗತೆ ಕುಂತಬಿಟ್ಟೈತಿ, ಏಳವಲ್ದು ನೋಡು’ ಅಂದರು. ಕ್ರೋಮ್ ತೆರೆದು ನೋಡಿದರೆ, ಎಷ್ಟು ಟ್ಯಾಬ್ ತೆರೆದಿವೆ ಎಂದು ಸಂಖ್ಯೆ ತೋರಿಸುವ ಚೌಕದಲ್ಲಿ ಸಂಖ್ಯೆಯೇ ಇರಲಿಲ್ಲ. ಅಲ್ಲಿ ಒಂದು ನಗುಮುಖದ ಗುರುತಿತ್ತು. ಆಂಡ್ರಾಯ್ಡ್ ಫೋನಿನಲ್ಲಿ ಟ್ಯಾಬ್‌ಗಳ ಸಂಖ್ಯೆ 99 ದಾಟಿದರೆ ಕ್ರೋಮ್ ಲೆಕ್ಕ ತೋರಿಸುವುದನ್ನು ಬಿಟ್ಟು ನಗುತ್ತದೆ. ದೊಡ್ಡಪ್ಪ ಒಂದು ಟ್ಯಾಬನ್ನೂ ಬೇಕೆಂದು ತೆರೆದವರಲ್ಲ. ಟ್ಯಾಬ್ ಅಂದರೇನು ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಮೆಣಸಿನಕಾಯಿ ದರ, ಮಳೆ ಸುದ್ದಿ, ಕ್ರಿಕೆಟ್ ಅಂತ ಅವರು ಒತ್ತಿದ ಲಿಂಕ್‌ಗಳೇ ಒಂದೊಂದಾಗಿ ಹೊಸ ಟ್ಯಾಬ್ ತೆರೆಯುತ್ತ ಹೋಗಿದ್ದವು.

ಹುಡುಗಿಗೆ ಹೊಸ ಕಿಟಕಿ ಬೇಕಾಗಿತ್ತು, ಅದು ತೆರೆಯಲಿಲ್ಲ. ದೊಡ್ಡಪ್ಪನಿಗೆ ಬೇಕಾಗಿರಲಿಲ್ಲ, ಅವರಿಗೆ ನೂರಕ್ಕೂ ಹೆಚ್ಚು ತೆರೆದವು. ಹಾಗಾದರೆ ಲಿಂಕ್ ಒತ್ತಿದಾಗ ಇದ್ದಲ್ಲೇ ಪುಟ ಬರಬೇಕೋ, ಹೊಸ ಕಿಟಕಿಯಲ್ಲಿ ಬರಬೇಕೋ? ಜಾಲತಾಣ ಕಟ್ಟುವವರು ಮೂವತ್ತು ವರ್ಷದಿಂದ ಈ ಬಗ್ಗೆ ಜಗಳವಾಡುತ್ತಿದ್ದಾರೆ. ಆ ಜಗಳದಲ್ಲಿ ನಮ್ಮ ಕರ್ನಾಟಕದ ತಹಶೀಲ್ದಾರ್ ಕಚೇರಿಯ ಒಂದು ಪಾಠವೂ ಸೇರಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೇ ಈ ಬರಹ.

ಕಿಟಕಿ ಇಲ್ಲದ ಕಾಲ

ವೆಬ್ ಹುಟ್ಟಿದ್ದು ಯುರೋಪಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ. ಟಿಮ್ ಬರ್ನರ್ಸ್-ಲೀ ಎಂಬುವರು 1989ರಲ್ಲಿ ಅದರ ಯೋಜನೆ ಬರೆದರು, 1990ರ ಕೊನೆಗೆ ಮೊದಲ ಬ್ರೌಸರ್ ಮಾಡಿದರು. ಅವರ ದುಬಾರಿ ಕಂಪ್ಯೂಟರಿನಲ್ಲಿ ಬೇರೆ ಬೇರೆ ಪುಟಗಳನ್ನು ಬೇರೆ ಬೇರೆ ಕಿಟಕಿಗಳಲ್ಲಿ ಇಟ್ಟುಕೊಂಡು ಓದಬಹುದಿತ್ತು. ಆದರೆ ಅಂಥ ಕಂಪ್ಯೂಟರ್ ಎಲ್ಲರ ಹತ್ತಿರ ಇರಲಿಲ್ಲ. ಹಾಗಾಗಿ ಸಾದಾ ಯಂತ್ರಗಳಿಗಾಗಿ ಇನ್ನೊಂದು ಬ್ರೌಸರ್ ಮಾಡಿದರು. ಅದರಲ್ಲಿ ಕಿಟಕಿಯೂ ಇಲ್ಲ, ಮೌಸೂ ಇಲ್ಲ. ಪ್ರತಿ ಲಿಂಕಿನ ಮುಂದೆ ಒಂದು ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆ ಒತ್ತಿದರೆ ಮುಂದಿನ ಪುಟ, ‘ಬ್ಯಾಕ್’ ಅಂತ ಟೈಪ್ ಮಾಡಿದರೆ ಹಿಂದಿನ ಪುಟ. ಅಷ್ಟೇ.

1993ರಲ್ಲಿ ಮೊಸಾಯಿಕ್, 1994ರಲ್ಲಿ ನೆಟ್‌ಸ್ಕೇಪ್ ಬಂದವು. ಚಿತ್ರ ಬಂತು, ಗುಂಡಿ ಬಂತು, ಹಿಂದಕ್ಕೆ ಹೋಗುವ ಬಾಣದ ಗುರುತು ಎಲ್ಲರ ಕೈಗೆ ಸಿಕ್ಕಿತು. ಈ ಬಾಣದ ಗುರುತನ್ನು ಸಣ್ಣದೆಂದು ತಿಳಿಯಬೇಡಿ. ಹೊಸ ಊರಿಗೆ ಹೋದವನಿಗೆ ಬಂದ ದಾರಿ ನೆನಪಿದ್ದರೆ ಎದೆಯಲ್ಲಿ ಧೈರ್ಯ ಇರುತ್ತದೆ. ತಪ್ಪು ಲಿಂಕ್ ಒತ್ತಿದರೂ ತಿರುಗಿ ಬರಬಹುದು ಎಂಬ ಧೈರ್ಯದಿಂದಲೇ ಜನ ವೆಬ್ಬಿನಲ್ಲಿ ಅಡ್ಡಾಡಲು ಕಲಿತರು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ, 1996ರಲ್ಲಿ, ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಶುರು ಮಾಡಿದರು. ಕನ್ನಡಕ್ಕೂ ವೆಬ್ಬಿನಲ್ಲಿ ಒಂದು ಪತ್ರಿಕೆ ಆಯಿತು.

ಖಾಲಿ ಎಂಬ ಹೆಸರಿನ ಗುರಿ

ಅದೇ 1996ರಲ್ಲಿ ನೆಟ್‌ಸ್ಕೇಪಿನ ಎರಡನೇ ಆವೃತ್ತಿ ಬಂತು. ಜೊತೆಗೆ ‘ಫ್ರೇಮ್’ ಎಂಬ ಸೌಕರ್ಯ ತಂದಿತು. ಫ್ರೇಮ್ ಅಂದರೆ ಚೌಕಟ್ಟು. ಒಂದೇ ಪರದೆಯನ್ನು ಎರಡು ಮೂರು ಭಾಗ ಮಾಡಿ, ಎಡಕ್ಕೆ ಪಟ್ಟಿ, ಮೇಲೆ ಹೆಸರು, ನಡುವೆ ವಿಷಯ ಹಾಕಬಹುದು. ಎಡಗಡೆ ಲಿಂಕ್ ಒತ್ತಿದರೆ ನಡುವಿನ ಭಾಗ ಮಾತ್ರ ಬದಲಾಗುತ್ತದೆ. ಯಾವ ಭಾಗ ಬದಲಾಗಬೇಕು ಎಂದು ಹೇಳಲು ಲಿಂಕಿಗೆ ಒಂದು ‘ಟಾರ್ಗೆಟ್’ ಬರೆಯಬೇಕಿತ್ತು. ಟಾರ್ಗೆಟ್ ಅಂದರೆ ಗುರಿ. ಆ ಗುರಿಯ ಜಾಗದಲ್ಲಿ ‘ಬ್ಲ್ಯಾಂಕ್’, ಅಂದರೆ ಖಾಲಿ, ಅಂತ ಬರೆದರೆ ಪುಟ ಹೊಚ್ಚ ಹೊಸ ಕಿಟಕಿಯಲ್ಲಿ ತೆರೆಯುತ್ತಿತ್ತು.

ನಮ್ಮ ದೊಡ್ಡಪ್ಪನ ಫೋನ್ ಕೂರಿಸಿದ್ದು ಅವತ್ತು ಹುಟ್ಟಿದ ಈ ಒಂದು ಪದ.

ಫ್ರೇಮಿನಿಂದ ಬೇಗ ಒಂದು ತಕರಾರು ಹುಟ್ಟಿತು. ಅಮೆರಿಕದ ಟೋಟಲ್‌ನ್ಯೂಸ್ ಎಂಬ ತಾಣ ದೊಡ್ಡ ದೊಡ್ಡ ಪತ್ರಿಕೆಗಳಿಗೆ ಲಿಂಕ್ ಕೊಟ್ಟು, ಆ ಸುದ್ದಿಗಳನ್ನು ತನ್ನ ಚೌಕಟ್ಟಿನ ಒಳಗೇ ತೋರಿಸತೊಡಗಿತು. ಸುತ್ತಲೂ ತನ್ನ ಹೆಸರು, ತನ್ನ ಜಾಹೀರಾತು, ನಡುವೆ ಬೇರೆಯವರ ಸುದ್ದಿ. 1997ರಲ್ಲಿ ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್ ಮೊದಲಾದವರು ಸೇರಿ ನ್ಯೂಯಾರ್ಕಿನ ಕೋರ್ಟಿಗೆ ಹೋದರು. ಅದೇ ವರ್ಷ ರಾಜಿ ಆಯಿತು: ಲಿಂಕ್ ಕೊಡಬಹುದು, ಚೌಕಟ್ಟಿನೊಳಗೆ ಹಾಕಬಾರದು.

ನಮ್ಮ ಹೊಲದಲ್ಲಿ ಬೆಳೆದ ಮೆಣಸಿನಕಾಯಿಯನ್ನು ಇನ್ನೊಬ್ಬ ತನ್ನ ಹೆಸರಿನ ಚೀಲದಲ್ಲಿ ತುಂಬಿ ಮಾರಿದರೆ ನಮಗೆ ಸಿಟ್ಟು ಬರುತ್ತದಲ್ಲ, ಇದು ಹಾಗೇ. ‘ನಮ್ಮ ಪುಟ ಬೇರೆಯವರ ಚೌಕಟ್ಟಿನಲ್ಲಿ ಕಾಣಬಾರದು, ಬೇರೆ ಕಿಟಕಿಯಲ್ಲೇ ತೆರೆಯಲಿ’ ಎಂಬ ಬೇಡಿಕೆಯ ಬೇರು ಇಲ್ಲಿದೆ. ಬೇಡಿಕೆಯಲ್ಲಿ ನ್ಯಾಯ ಇತ್ತು. ಆದರೆ ಅದು ತಾಣದ ಮಾಲೀಕರ ಬೇಡಿಕೆಯಾಗಿತ್ತು, ಓದುವವರು ಕೇಳಿದ್ದಲ್ಲ.

ಜಾಹೀರಾತಿನ ಕಿಟಕಿಗಳು

ಇನ್ನೊಂದು ಕಥೆಯೂ ಅದೇ ಕಾಲದ್ದು. ಟ್ರೈಪಾಡ್ ಎಂಬ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ತಮ್ಮ ಪುಟ ಮಾಡಿಕೊಳ್ಳಬಹುದಿತ್ತು. ಆ ಪುಟಗಳಲ್ಲಿ ಕಂಪನಿಗಳ ಜಾಹೀರಾತು ಬರುತ್ತಿತ್ತು. ಒಂದು ಕಾರ್ ಕಂಪನಿಯ ಜಾಹೀರಾತು ಅಸಭ್ಯ ವಿಷಯದ ಪುಟದ ಮೇಲೆ ಕಾಣಿಸಿಕೊಂಡಿತು, ಕಂಪನಿ ಸಿಟ್ಟಾಯಿತು. ಪುಟಕ್ಕೂ ಜಾಹೀರಾತಿಗೂ ಸಂಬಂಧ ಇಲ್ಲವೆಂದು ತೋರಿಸಲು, ಅಲ್ಲಿ ಕೆಲಸಕ್ಕಿದ್ದ ಈಥನ್ ಜುಕರ್‌ಮನ್ ಎಂಬುವರು ಜಾಹೀರಾತನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. ಅದೇ ಪಾಪ್-ಅಪ್. 2014ರಲ್ಲಿ ಅವರು ಇದಕ್ಕಾಗಿ ಎಲ್ಲರ ಕ್ಷಮೆ ಕೇಳಿ ಬರೆದರು.

ಇಲ್ಲೂ ಗಮನಿಸಿ. ಹೊಸ ಕಿಟಕಿ ತೆರೆದದ್ದು ಕಾರ್ ಕಂಪನಿಯ ಮರ್ಯಾದೆ ಉಳಿಸಲು. ಓದುತ್ತಿದ್ದವನನ್ನು ಯಾರೂ ಕೇಳಿರಲಿಲ್ಲ.

ಇದರ ವಿರುದ್ಧ ಮಾತು ಬೇಗ ಎದ್ದಿತು. ವೆಬ್ಬಿನ ನಿಯಮ ಬರೆಯುವ ಡಬ್ಲ್ಯು3ಸಿ ಸಂಸ್ಥೆ 1997ರ ಡಿಸೆಂಬರಿನಲ್ಲಿ ಎಚ್‌ಟಿಎಂಎಲ್ 4 ಪ್ರಕಟಿಸಿದಾಗ, ಅದರ ಕಟ್ಟುನಿಟ್ಟಿನ ರೂಪದಿಂದ ಟಾರ್ಗೆಟ್ ಪದವನ್ನೇ ಹೊರಗಿಟ್ಟಿತು. ಸಡಿಲ ರೂಪದಲ್ಲಿ ಮಾತ್ರ ಉಳಿಸಿತು. 1999ರ ಮೇ ತಿಂಗಳಲ್ಲಿ ಅಂಗವಿಕಲರ ಅನುಕೂಲಕ್ಕಾಗಿ ಅದೇ ಸಂಸ್ಥೆ ತಂದ ಮಾರ್ಗಸೂಚಿ, ಬಳಸುವವರಿಗೆ ತಿಳಿಸದೆ ಹೊಸ ಕಿಟಕಿ ತೆರೆಯಬೇಡಿ ಎಂದಿತು. ಅದೇ ತಿಂಗಳು ಜೇಕಬ್ ನೀಲ್ಸನ್ ಎಂಬ ತಜ್ಞರು ಜಾಲತಾಣಗಳ ಹೊಸ ಹತ್ತು ತಪ್ಪುಗಳ ಪಟ್ಟಿ ಬರೆದರು. ಮೊದಲನೇ ತಪ್ಪು ಬ್ಯಾಕ್ ಬಟನ್ ಕೆಡಿಸುವುದು, ಎರಡನೆಯದು ಹೊಸ ಕಿಟಕಿ ತೆರೆಯುವುದು.

ಕಣ್ಣು ಕಾಣದವರ ವಿಷಯ ಇಲ್ಲಿ ಮುಖ್ಯ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಮ್ಮ ಭಾಗದವರಿಗೆ, ಕಿವಿಯಿಂದಲೇ ಜಗತ್ತನ್ನು ಹಿಡಿಯುವವರು ಗೊತ್ತು. ಅಂಥವರು ಪರದೆಯ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ. ಸುಳಿವು ಕೊಡದೆ ಹೊಸ ಕಿಟಕಿ ತೆರೆದರೆ ಅವರಿಗೆ ಅದು ಕಾಣುವುದಿಲ್ಲ. ಹಿಂದಕ್ಕೆ ಹೋಗಲು ಒತ್ತುತ್ತಾರೆ, ಹೋಗುವುದಿಲ್ಲ. ಹೊಸ ಕಿಟಕಿಗೆ ಹಿಂದಿನ ಪುಟವೇ ಇರುವುದಿಲ್ಲವಲ್ಲ.

ಧಾರವಾಡದ ಸೈಬರ್ ದಿನಗಳು

ನಾವು ಇಂಟರ್‌ನೆಟ್ ಮೊದಲು ನೋಡಿದ್ದು ಧಾರವಾಡದ ಒಂದು ಸೈಬರ್ ಕೆಫೆಯಲ್ಲಿ. ಊರಿನಿಂದ ಬಸ್ಸಿನಲ್ಲಿ ಬಂದು, ತಾಸಿಗೆ ಇಪ್ಪತ್ತು ರೂಪಾಯಿ ಕೊಟ್ಟು, ಪ್ಲೈವುಡ್ ಗೂಡಿನಲ್ಲಿ ಕೂರುತ್ತಿದ್ದೆವು. ಬಹುತೇಕ ಯಂತ್ರಗಳಲ್ಲಿ ಇದ್ದದ್ದು 2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6. ಅದರಲ್ಲಿ ಟ್ಯಾಬ್ ಇರಲಿಲ್ಲ. ಪ್ರತಿ ಹೊಸ ಕಿಟಕಿಯೂ ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದು ಹೊಸ ಗುಂಡಿಯಾಗಿ ಕೂರುತ್ತಿತ್ತು. ಒಂದು ಹಾಡು ಹುಡುಕಲು ಹೋದರೆ ಹತ್ತು ಜಾಹೀರಾತು ತೆರೆಯುತ್ತಿದ್ದವು. ಅವನ್ನು ಒಂದೊಂದಾಗಿ ಮುಚ್ಚುವುದರಲ್ಲೇ ಐದು ರೂಪಾಯಿಯ ಹೊತ್ತು ಹೋಗುತ್ತಿತ್ತು.

ಕನ್ನಡದ ತಾಣಗಳ ಪಾಡು ಬೇರೆ. ಯುನಿಕೋಡ್ ರೂಢಿಗೆ ಬರುವ ಮೊದಲು ಒಂದೊಂದು ತಾಣಕ್ಕೆ ಒಂದೊಂದು ಫಾಂಟ್ ಬೇಕಾಗುತ್ತಿತ್ತು. ಈ ಪತ್ರಿಕೆಯಿಂದ ಆ ಪತ್ರಿಕೆಯ ಲಿಂಕಿಗೆ ಹೋದರೆ ಕನ್ನಡದ ಬದಲು ಅರ್ಥವಿಲ್ಲದ ಗೀಟು, ಚುಕ್ಕಿ. ಫಾಂಟ್ ಹಾಕಿಕೊಳ್ಳುವ ವಿಧಾನ ಒಂದು ಕಿಟಕಿಯಲ್ಲಿ, ಓದುವ ಪುಟ ಇನ್ನೊಂದರಲ್ಲಿ ಇಟ್ಟುಕೊಂಡರೆ ಮಾತ್ರ ಕೆಲಸ ಆಗುತ್ತಿತ್ತು. ಆಗ ನಮಗೆ ಎರಡು ಕಿಟಕಿ ಬೇಕಾಗಿತ್ತು, ನಿಜ. ಆದರೆ ಅದನ್ನು ನಾವೇ ತೆರೆದುಕೊಳ್ಳುತ್ತಿದ್ದೆವು.

ಫಲಿತಾಂಶದ ದಿನವಂತೂ ಕೆಫೆಯ ಮಾಲೀಕರು ನಾಲ್ಕು ಕಿಟಕಿಯಲ್ಲಿ ಅದೇ ಪುಟ ತೆರೆದಿಟ್ಟು, ಯಾವುದು ಮೊದಲು ಬರುತ್ತದೋ ಅದರಲ್ಲಿ ನಂಬರ್ ಹಾಕುತ್ತಿದ್ದರು. ಅರ್ಜಿ ತುಂಬಿಸುವಾಗ ಅವರ ಎಚ್ಚರಿಕೆ ಒಂದೇ: ‘ನೋಡ್ರಿ, ತುಂಬೂತನಾ ಆ ನೀಲಿ ಅಕ್ಷರ ಮುಟ್ಟಬ್ಯಾಡ್ರಿ.’ ಪಕ್ಕದ ಮನೆ ಹುಡುಗಿಗೆ ಈ ಮಾತು ಹೇಳಲು ಅವತ್ತು ರಾತ್ರಿ ಯಾರೂ ಇರಲಿಲ್ಲ.

ಪರಿಹಾರಗಳು ನಿಧಾನಕ್ಕೆ ಬಂದವು. 2004ರಲ್ಲಿ ಮೈಕ್ರೋಸಾಫ್ಟ್ ತನ್ನ ಬ್ರೌಸರಿನಲ್ಲಿ ಪಾಪ್-ಅಪ್ ತಡೆ ಹಾಕಿತು. ಅದೇ ವರ್ಷ ನವೆಂಬರಿನಲ್ಲಿ ಟ್ಯಾಬ್ ಇರುವ ಫೈರ್‌ಫಾಕ್ಸ್ 1.0 ಬಂತು. 2006ರಲ್ಲಿ ಎಕ್ಸ್‌ಪ್ಲೋರರ್ 7ಕ್ಕೂ ಟ್ಯಾಬ್ ಬಂತು. ಕಿಟಕಿಗಳ ಗದ್ದಲ ಒಂದೇ ಕಿಟಕಿಯ ಒಳಗೆ ಸಾಲಾಗಿ ಕೂತಿತು. ಗದ್ದಲ ಕಡಿಮೆಯಾದ ಮೇಲೆ ಜಗಳದ ಕಾವೂ ಇಳಿಯಿತು. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್ 5 ಅಧಿಕೃತವಾದಾಗ, ಹೊರಗಿಟ್ಟಿದ್ದ ಟಾರ್ಗೆಟ್ ಪದ ತಕರಾರಿಲ್ಲದೆ ಒಳಗೆ ಬಂದಿತ್ತು.

ರೈತನ ಕಡೆ ತಿರುಗಿದ ಪರದೆ

ಈಗ ಕರ್ನಾಟಕದ ಪಾಠಕ್ಕೆ ಬರೋಣ.

ನಮ್ಮ ಕಡೆ ಉತಾರ ಅನ್ನುವ ಪಹಣಿ ಮೊದಲು ಕೈಬರಹದಲ್ಲಿರುತ್ತಿತ್ತು. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಹತ್ತಿರ ಆ ಪುಸ್ತಕಗಳಿದ್ದವು. ತಲಾಠಿ ಸಿಕ್ಕರೆ ಉತಾರ, ಸಿಗದಿದ್ದರೆ ಅಲೆದಾಟ. ಪುಸ್ತಕದಲ್ಲಿ ಏನು ಬರೆದಿದೆ, ಏನು ತಿದ್ದಿದೆ ಎಂಬುದು ರೈತನಿಗೆ ಕಾಣುತ್ತಿರಲಿಲ್ಲ. 2001ರ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳತ್ವ ವಹಿಸಿದ್ದರು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಬರುತ್ತಿತ್ತು.

ಭೂಮಿಯ ಬಗ್ಗೆ ಹೊಗಳಿಕೆ, ಟೀಕೆ ಎರಡೂ ಬಹಳ ಬಂದಿವೆ. ನಮಗಿಲ್ಲಿ ಬೇಕಾದದ್ದು ಒಂದು ಸಣ್ಣ ವಿವರ. ಆ ಕೌಂಟರಿನಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ನೌಕರನ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗಿನವನು ಏನು ತೆರೆಯುತ್ತಿದ್ದಾನೆ, ಯಾವ ಸರ್ವೆ ನಂಬರ್ ಹಾಕುತ್ತಿದ್ದಾನೆ, ಯಾರ ಹೆಸರು ಬರುತ್ತಿದೆ ಎಂಬುದು ರೈತನಿಗೂ ಅದೇ ಹೊತ್ತಿಗೆ ಕಾಣುತ್ತಿತ್ತು. ಓದಲು ಬಾರದವರೂ ಜೊತೆಗೆ ಬಂದ ಮಗನನ್ನು ಮುಂದೆ ನಿಲ್ಲಿಸಿ ‘ನೋಡಪಾ, ನಮ್ದ ಐತೇನು’ ಅಂತ ಕೇಳಬಹುದಿತ್ತು.

ಟ್ರೈಪಾಡಿನ ಕಿಟಕಿ ಕಾರ್ ಕಂಪನಿಗಾಗಿ ತೆರೆಯಿತು. ಪತ್ರಿಕೆಗಳ ಬೇಡಿಕೆ ಪತ್ರಿಕೆಗಳ ಹೆಸರಿಗಾಗಿ ಇತ್ತು. ಭೂಮಿಯ ಎರಡನೇ ಪರದೆ ಮಾತ್ರ ಹೊರಗೆ ನಿಂತವನಿಗಾಗಿ ಇತ್ತು. ಹಾಗಾಗಿ ಯಾವ ಹೊಸ ಕಿಟಕಿ ಕಂಡರೂ ಕೇಳಬೇಕಾದ ಪ್ರಶ್ನೆ ಒಂದು: ಇದು ಯಾರ ಸಲುವಾಗಿ ತೆರೆದಿದೆ?

ಸರ್ಕಾರಿ ತಾಣದ ಒಂದು ಸಾಲು

ಈ ಪ್ರಶ್ನೆ ಹಿಡಿದು ನಮ್ಮ ಸರ್ಕಾರಿ ಜಾಲತಾಣಗಳನ್ನೇ ನೋಡೋಣ. ಭಾರತದ ಅನೇಕ ಸರ್ಕಾರಿ ತಾಣಗಳ ಕೆಳಗಡೆ ‘ಹೈಪರ್‌ಲಿಂಕ್ ನೀತಿ’ ಎಂಬ ಪುಟ ಇರುತ್ತದೆ. ಅದರಲ್ಲಿ ಬಹಳ ಕಡೆ ಒಂದೇ ಮಾತು ಕಾಣುತ್ತದೆ. ನಮ್ಮ ಪುಟಗಳನ್ನು ನಿಮ್ಮ ತಾಣದ ಫ್ರೇಮಿನೊಳಗೆ ತೋರಿಸಲು ಒಪ್ಪುವುದಿಲ್ಲ, ಅವು ಬಳಕೆದಾರರ ಹೊಸದಾಗಿ ತೆರೆದ ಬ್ರೌಸರ್ ಕಿಟಕಿಯಲ್ಲೇ ಬರಬೇಕು ಎಂಬುದು ಅದರ ಅರ್ಥ. 1997ರ ಆ ಫ್ರೇಮ್ ಜಗಳದ ನೆರಳು ನಮ್ಮ ಸರ್ಕಾರಿ ತಾಣಗಳ ಮೇಲೆ ಇವತ್ತಿಗೂ ಬಿದ್ದಿದೆ. ಫ್ರೇಮ್ ಬೇಡ ಅನ್ನುವುದು ಸರಿ. ಸರ್ಕಾರದ ಪುಟಕ್ಕೆ ಯಾರೋ ತಮ್ಮ ಚೌಕಟ್ಟು ಹಾಕಿದರೆ ಜನ ಮೋಸ ಹೋಗುತ್ತಾರೆ. ಆದರೆ ಫ್ರೇಮ್ ತಡೆಯಲು ಬೇರೆ ತಾಂತ್ರಿಕ ದಾರಿ ಬಂದು ಬಹಳ ವರ್ಷ ಆದ ಮೇಲೂ ಹೊಸ ಕಿಟಕಿಯ ಸಾಲು ಹಾಗೇ ಉಳಿದಿದೆ.

ಸರ್ಕಾರ 2009ರಲ್ಲಿ ತನ್ನ ಜಾಲತಾಣಗಳಿಗಾಗಿ ಮಾಡಿದ ಮಾರ್ಗಸೂಚಿಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ. ಸರ್ಕಾರೇತರ ತಾಣಕ್ಕೆ ಲಿಂಕ್ ಹೋಗುತ್ತಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತದೆ. ಇವತ್ತು ಅನೇಕ ಸರ್ಕಾರಿ ತಾಣಗಳಲ್ಲಿ ಹೊರಗಿನ ಲಿಂಕ್ ಒತ್ತಿದರೆ, ನೀವು ಹೊರಗಿನ ತಾಣಕ್ಕೆ ಹೋಗುತ್ತಿದ್ದೀರಿ ಎಂಬ ಸಂದೇಶ ಮೊದಲು ಬರುತ್ತದೆ. ಕೆಲವರಿಗೆ ಅದು ಕಿರಿಕಿರಿ. ನಮಗೆ ಅದು ರೈತನ ಕಡೆ ತಿರುಗಿಸಿದ ಪರದೆಯ ಜಾತಿಗೆ ಸೇರಿದ್ದು ಅನಿಸುತ್ತದೆ. ಎಲ್ಲಿಗೆ ಹೋಗುತ್ತೀರಿ ಅಂತ ಮೊದಲೇ ಹೇಳುತ್ತದಲ್ಲ. ಕನ್ನಡ ಪುಟದಲ್ಲೂ ಆ ಸಂದೇಶ ಇಂಗ್ಲಿಷಿನಲ್ಲಿ ಬಂದರೆ ಮಾತ್ರ ಹೇಳಿದ್ದೂ ಹೇಳದ ಹಾಗೆ.

ಫೋನ್ ಬಂದ ಮೇಲೆ

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು. ಡೇಟಾ ಅಗ್ಗವಾಯಿತು. ಸೈಬರ್ ಕೆಫೆಗಳು ಝೆರಾಕ್ಸ್ ಅಂಗಡಿಗಳಾದವು. ಇಂಟರ್‌ನೆಟ್ ನಮ್ಮ ಹೊಲದ ಬದುವಿನ ಮೇಲೂ ಬಂತು. ಆದರೆ ಕಂಪ್ಯೂಟರಿನ ಕಾಲಕ್ಕೆ ಮಾಡಿದ ನಿಯಮಗಳು ಅಂಗೈಯಗಲದ ಪರದೆಗೆ ಹೊಂದಲಿಲ್ಲ.

ಕಂಪ್ಯೂಟರಿನಲ್ಲಿ ಹೊಸ ಟ್ಯಾಬ್ ತೆರೆದರೆ ಮೇಲಿನ ಸಾಲಿನಲ್ಲಿ ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಿ ಅದು ಪರದೆಯನ್ನು ಪೂರ್ತಿ ಮುಚ್ಚುತ್ತದೆ. ಹಳೆಯ ಪುಟ ಹಿಂದೆ ಇದೆಯೋ ಹೋಯಿತೋ ತಿಳಿಯುವುದಿಲ್ಲ. ಕೆಲವು ಬ್ರೌಸರುಗಳಲ್ಲಿ ಹಿಂದಿನ ಬಾಣ ಒತ್ತಿದರೆ ಹೊಸ ಟ್ಯಾಬ್ ಮುಚ್ಚಿ ಹಳೆಯದಕ್ಕೆ ಬರುತ್ತದೆ. ಆದರೆ ನಮ್ಮಲ್ಲಿ ಬಹಳ ಜನ ಹಿಂದಕ್ಕೆ ಹೋಗದೆ ನೇರ ಹೋಮ್ ಗುಂಡಿ ಒತ್ತುತ್ತೇವೆ. ಟ್ಯಾಬ್ ಅಲ್ಲೇ ಉಳಿಯುತ್ತದೆ. ದೊಡ್ಡಪ್ಪನ ನಗುಮುಖ ಬಂದದ್ದು ಹೀಗೇ.

ಇನ್ನೊಂದು ತೊಂದರೆ ಮೆಮೊರಿಯದು. ಕಡಿಮೆ ರ್‍ಯಾಮ್ ಇರುವ ಫೋನಿನಲ್ಲಿ ಹಿಂದಿನ ಟ್ಯಾಬನ್ನು ಫೋನೇ ಮೆಮೊರಿಯಿಂದ ಬಿಡುತ್ತದೆ. ತಿರುಗಿ ಹೋದಾಗ ಆ ಪುಟ ಹೊಸದಾಗಿ ಲೋಡ್ ಆಗುತ್ತದೆ, ತುಂಬಿದ ಅರ್ಜಿ ಮಾಯ. ಅಂದರೆ ಆ ಹುಡುಗಿಯ ನಿಯಮಗಳ ಪುಟ ಹೊಸ ಟ್ಯಾಬಿನಲ್ಲಿ ತೆರೆದಿದ್ದರೂ ಅರ್ಜಿ ಉಳಿಯುತ್ತಿತ್ತು ಅಂತ ಖಾತ್ರಿ ಹೇಳಲಾಗದು. ಉಳಿಯುವ ಸಾಧ್ಯತೆ ಹೆಚ್ಚಿತ್ತು, ಅಷ್ಟೇ.

ಸುರಕ್ಷತೆಯ ವಿಷಯವೂ ಇದೆ. ಹೊಸ ಕಿಟಕಿಯಲ್ಲಿ ತೆರೆದ ಪುಟಕ್ಕೆ, ತನ್ನನ್ನು ತೆರೆದ ಹಳೆಯ ಪುಟದ ಜೊತೆ ಒಂದು ಒಳದಾರ ಇರುತ್ತಿತ್ತು. ಕೆಟ್ಟ ತಾಣ ಆ ದಾರ ಎಳೆದು, ನೀವು ಈ ಕಡೆ ನೋಡುತ್ತಿರುವಾಗ ಆ ಕಡೆಯ ಹಳೆಯ ಪುಟವನ್ನು ನಕಲಿ ಲಾಗಿನ್ ಪುಟವಾಗಿ ಬದಲಾಯಿಸಬಹುದಿತ್ತು. ತಿರುಗಿ ಬಂದವರು ಪಾಸ್‌ವರ್ಡ್ ಮತ್ತೆ ಕೇಳುತ್ತಿದೆ ಅಂದುಕೊಂಡು ಹಾಕಿಬಿಡುತ್ತಿದ್ದರು. ದೊಡ್ಡ ಬ್ರೌಸರುಗಳು 2019ರಿಂದ ಒಂದೊಂದಾಗಿ ಈ ದಾರವನ್ನು ತಾವೇ ಕತ್ತರಿಸಿದವು. ಕ್ರೋಮ್ ಇದನ್ನು ಮಾಡಿದ್ದು 2021ರ ಜನವರಿಯಲ್ಲಿ, 88ನೇ ಆವೃತ್ತಿಯಲ್ಲಿ. ಬಹಳ ವರ್ಷದಿಂದ ಅಪ್‌ಡೇಟ್ ಮಾಡದ ಫೋನ್ ನಿಮ್ಮದಾಗಿದ್ದರೆ, ಇದೊಂದಕ್ಕಾದರೂ ಅಪ್‌ಡೇಟ್ ಮಾಡಿಕೊಳ್ಳಿ.

ಹೊರಗೆ ಹೋದ ಫ್ರೇಮ್ ಈಗ ಬೇರೆ ರೂಪದಲ್ಲಿ ವಾಪಸ್ ಬಂದಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಲಿಂಕ್ ಒತ್ತಿ ನೋಡಿ. ಪುಟ ಆ್ಯಪ್‌ನ ಒಳಗೇ ತೆರೆಯುತ್ತದೆ, ಸುತ್ತ ಅವರದೇ ಚೌಕಟ್ಟು. 2022ರಲ್ಲಿ ಫೆಲಿಕ್ಸ್ ಕ್ರೌಸ್ ಎಂಬ ತಂತ್ರಜ್ಞರು, ಐಫೋನಿನಲ್ಲಿ ಹೀಗೆ ಒಳಗೇ ತೆರೆದ ಪುಟಗಳಿಗೆ ಈ ಆ್ಯಪ್‌ಗಳು ತಮ್ಮ ಕೋಡ್ ಸೇರಿಸುವುದನ್ನು ತೋರಿಸಿಕೊಟ್ಟರು. ಇಂಥ ಕಡೆ ಹೊರಗಿನ ಸ್ವಂತ ಕಿಟಕಿಯೇ ನಮಗೆ ಬೇಕು. ಬ್ಯಾಂಕ್, ಆಧಾರ್, ಅರ್ಜಿ ಇಂಥವನ್ನು ಆ್ಯಪ್‌ನ ಒಳಗೆ ತುಂಬದೆ, ಮೂರು ಚುಕ್ಕಿ ಒತ್ತಿ ಬ್ರೌಸರಿನಲ್ಲಿ ತೆರೆದುಕೊಳ್ಳಿ.

ಹಾಗಾದರೆ ಯಾವುದು ಸರಿ?

ಇಷ್ಟು ಓದಿದ ಮೇಲೆ ನಮ್ಮ ತೀರ್ಮಾನ ಹೇಳದಿದ್ದರೆ ನೀವು ಬೈಯುತ್ತೀರಿ.

ಲಿಂಕ್ ಇದ್ದಲ್ಲೇ ತೆರೆಯಬೇಕು. ಕಾರಣ ಸರಳ. ಇದ್ದಲ್ಲೇ ತೆರೆಯುವ ಲಿಂಕನ್ನು ಓದುಗರು ಬೇಕಾದರೆ ಹೊಸ ಟ್ಯಾಬಿನಲ್ಲಿ ತೆರೆಯಬಹುದು. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದರೆ ಸಾಕು, ‘ಹೊಸ ಟ್ಯಾಬ್‌ನಲ್ಲಿ ತೆರೆ’ ಎಂಬ ಆಯ್ಕೆ ಬರುತ್ತದೆ. ಆದರೆ ಹೊಸ ಟ್ಯಾಬಿಗೇ ಗಂಟು ಹಾಕಿದ ಲಿಂಕನ್ನು ಇದ್ದಲ್ಲೇ ತೆರೆಯಲು ಫೋನಿನಲ್ಲಿ ಸುಲಭದ ದಾರಿ ಇಲ್ಲ. ಮೊದಲನೆಯದರಲ್ಲಿ ಎರಡೂ ದಾರಿ ನಮ್ಮ ಕೈಯಲ್ಲಿರುತ್ತವೆ. ಎರಡನೆಯದರಲ್ಲಿ ಒಂದನ್ನು ಮಾಲೀಕರು ಮುಚ್ಚಿರುತ್ತಾರೆ.

ಅರ್ಜಿ ತುಂಬುವ ಪುಟಕ್ಕೆ ಮಾತ್ರ ಈ ನಿಯಮ ಬಿಡಬೇಕು. ಅಲ್ಲಿನ ನಿಯಮಗಳು, ಸಹಾಯ, ಉದಾಹರಣೆ ಇಂಥ ಲಿಂಕ್‌ಗಳು ಹೊಸ ಕಿಟಕಿಯಲ್ಲೇ ತೆರೆಯಲಿ, ಹಾಗೆ ತೆರೆಯುತ್ತದೆ ಎಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದಿರಲಿ. ಇನ್ನೂ ಒಳ್ಳೆಯದೆಂದರೆ, ತುಂಬಿದಷ್ಟನ್ನು ತಾಣವೇ ಹೆಜ್ಜೆ ಹೆಜ್ಜೆಗೂ ಉಳಿಸಿಕೊಳ್ಳಲಿ. ಹಾಗೆ ಉಳಿಸುವ ತಾಣದಲ್ಲಿ ಕಿಟಕಿಯ ಜಗಳವೇ ಬರುವುದಿಲ್ಲ, ಕರೆಂಟ್ ಹೋದರೂ ಸಿಗ್ನಲ್ ಹೋದರೂ ಅರ್ಜಿ ಅಲ್ಲೇ ಇರುತ್ತದೆ.

ತಾಣ ಮಾಡುವವರು ಸುಧಾರಿಸುವ ತನಕ ನಾವು ಮಾಡಬಹುದಾದದ್ದು ಇಷ್ಟು. ಅರ್ಜಿ ತುಂಬುವಾಗ ನೀಲಿ ಅಕ್ಷರ ಓದಬೇಕಾದರೆ ತುಂಬುವ ಮೊದಲೇ ಓದಿ, ಇಲ್ಲವೇ ಒತ್ತಿ ಹಿಡಿದು ಹೊಸ ಟ್ಯಾಬಿನಲ್ಲಿ ತೆರೆಯಿರಿ. ಆರ್‌ಡಿ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಅವನ್ನು ಹುಡುಕಲು ಬೇರೆ ಆ್ಯಪ್‌ಗೆ ಹೋಗುವುದು ತಪ್ಪುತ್ತದೆ. ಕಡೇ ದಿನದ ರಾತ್ರಿಗೆ ಇಟ್ಟುಕೊಳ್ಳಬೇಡಿ. ಮನೆಯ ಹಿರಿಯರ ಫೋನ್ ತೆಗೆದು ತಿಂಗಳಿಗೊಮ್ಮೆ ಟ್ಯಾಬ್ ಮುಚ್ಚಿಕೊಡಿ, ಮುಚ್ಚುವುದು ಹೇಗೆಂದು ಅವರಿಗೂ ತೋರಿಸಿ.

ದೊಡ್ಡಪ್ಪ ಈಗ ತಾವೇ ಮುಚ್ಚುತ್ತಾರೆ. ‘ಇವತ್ತ ಹನ್ನೊಂದ ಇದ್ವು, ಒಗದೆ’ ಅಂತ ಲೆಕ್ಕ ಒಪ್ಪಿಸುತ್ತಾರೆ.

ಆ ಹುಡುಗಿಗೆ ಆ ವರ್ಷ ಹಾಸ್ಟೆಲ್ ಸಿಗಲಿಲ್ಲ. ದಿನಾ ಮುಂಜಾನೆ ಆರೂವರೆ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ, ಕಡೇ ದಿನಕ್ಕಿಂತ ಎಂಟು ದಿನ ಮೊದಲು. ನಿಯಮಗಳನ್ನು ಈ ಸಲವೂ ಓದಿದಳು, ಒತ್ತಿ ಹಿಡಿದು ಬೇರೆ ಟ್ಯಾಬಿನಲ್ಲಿ. ಅವಳು ಅವತ್ತು ಕೇಳಿದ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಓದಿದ್ದು ನಿನ್ನ ತಪ್ಪಲ್ಲವ್ವಾ. ಓದುವವರು ಇರುತ್ತಾರೆ ಅಂತ ಆ ಪುಟ ಮಾಡಿದವರಿಗೆ ಹೊಳೆಯಬೇಕಾಗಿತ್ತು.